ಎಲ್ಕ್ ಬೇಟೆಯ ಚೀಟಿ: ಅದೃಷ್ಟವೂ ಸರತಿಯೂ

ಎಲ್ಲರಿಗೂ ಸೇರಿದ ವಸ್ತುವೊಂದು ಎಲ್ಲರಿಗೂ ಸಾಲದೆ ಹೋದಾಗ ಅದನ್ನು ಯಾರಿಗೆ ಕೊಡಬೇಕು, ಯಾವ ನ್ಯಾಯದಿಂದ ಕೊಡಬೇಕು ಎಂಬ ಪ್ರಶ್ನೆಯು ಮಾನವಸಮಾಜದಷ್ಟೇ ಪುರಾತನವಾದುದು. ಹಣವುಳ್ಳವನು ಕೊಳ್ಳಲಿ ಎಂಬುದು ಒಂದು ಉತ್ತರ. ಬಲವುಳ್ಳವನು ಕಿತ್ತುಕೊಳ್ಳಲಿ ಎಂಬುದು ಇನ್ನೊಂದು. ಉತ್ತಮ ಕುಲದಲ್ಲಿ ಹುಟ್ಟಿದವನು ಅನುಭವಿಸಲಿ ಎಂಬುದು ಮತ್ತೊಂದು. ಈ ಮೂರನ್ನೂ ಬದಿಗೊತ್ತಿ, ಚೀಟಿ ಎತ್ತಿ ಹಂಚೋಣ, ಈ ಸಲ ದೊರೆಯದವನಿಗೆ ಮುಂದಿನ ಸಲ ಆದ್ಯತೆಯನ್ನು ಕೊಡೋಣ ಎಂಬ ನಾಲ್ಕನೆಯ ಉತ್ತರವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದ ಜನರು ಎಲ್ಕ್ ಎಂಬ ಮಹಾಮೃಗದ ಬೇಟೆಯ ವಿಷಯದಲ್ಲಿ ಕಂಡುಕೊಂಡರು. ವಯೋಮಿಂಗ್, ಕೊಲೊರಾಡೊ, ಮೊಂಟಾನಾ, ಯೂಟಾ, ನೆವಾಡಾ, ಅರಿಜೋನಾ ಮೊದಲಾದ ಸಂಸ್ಥಾನಗಳಲ್ಲಿ ಚಳಿಗಾಲವು ಕಳೆದು ವಸಂತವು ಕಾಲಿಡುವ ಹೊತ್ತಿಗೆ ಲಕ್ಷಗಟ್ಟಲೆ ಅರ್ಜಿಗಳು ವನ್ಯಮೃಗ ಇಲಾಖೆಗಳನ್ನು ಸೇರುತ್ತವೆ. ಹೆಸರಾಂತ ಬೇಟೆಸೀಮೆಗಳನ್ನು ಬೇಡಿದವರಲ್ಲಿ ಬಹುಮಂದಿಗೆ ಆ ವರ್ಷ ದೊರೆಯುವುದು ‘ಇಲ್ಲ’ ಎಂಬ ಉತ್ತರ ಮತ್ತು ಮುಂದಿನ ಸಲದ ಆದ್ಯತೆಗೆಂದು ಅವರ ಹೆಸರಿನ ಮುಂದೆ ಸೇರುವ ಇನ್ನೊಂದು ಪಾಯಿಂಟು. ಆ ‘ಇಲ್ಲ’ವನ್ನು ಜನರು ಸಹನೆಯಿಂದ ಸ್ವೀಕರಿಸುವಂತಾದುದು ಹೇಗೆ ಎಂಬುದೇ ಈ ಪದ್ಧತಿಯ ಇತಿಹಾಸವಾಗಿದೆ.

ಎಲ್ಕ್ ನಮ್ಮ ಮಲೆನಾಡಿನ ಕಡವೆಯ ಜ್ಞಾತಿ. ವಾಪಿಟಿ ಎಂಬುದು ಅದರ ಇನ್ನೊಂದು ಹೆಸರು. ಬಲಿತ ಗಂಡು 300 ಕಿಲೋಗ್ರಾಮಿಗೂ ಮಿಕ್ಕಿ ತೂಗುವುದು. ಅದರ ಕವಲುಗೊಂಬುಗಳು ವರ್ಷವರ್ಷವೂ ವಸಂತದ ಹೊತ್ತಿಗೆ ಉದುರಿ, ಬೇಸಗೆಯಲ್ಲಿ ನವಿರಾದ ತೊಗಲನ್ನು ಹೊದ್ದು ಮರಳಿ ಬೆಳೆದು, ಶರತ್ಕಾಲದ ಆರಂಭಕ್ಕೆ ತೊಗಲನ್ನು ಕಳಚಿಕೊಂಡು ಗಟ್ಟಿಯಾಗುವುವು. ಸೆಪ್ಟೆಂಬರ್ ತಿಂಗಳು ಬೆದೆಯ ಕಾಲ. ಆಗ ಗಂಡುಗಳು ಹೆಣ್ಣುಗಳ ಹಿಂಡನ್ನು ಕಟ್ಟಿಕೊಂಡು, ಮಂದ್ರದಿಂದ ತಾರಕ್ಕೇರಿ ತೀಕ್ಷ್ಣವಾದ ಸೀಟಿಯಾಗಿ ಮುಗಿಯುವ ಕೂಗಿನಿಂದ ಕಣಿವೆಗಳನ್ನು ತುಂಬುತ್ತವೆ. ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿಯನ್ನು ಹಾಕುವುದು. ಗಂಡಿನ ಕೊಂಬು ಪೂರ್ಣ ವೈಭವಕ್ಕೆ ಬರಬೇಕಾದರೆ ಅದು ಹಲವು ಚಳಿಗಾಲಗಳನ್ನು ಬದುಕಿ ದಾಟಬೇಕು. ಬೇಟೆಗಾರನು ಹಂಬಲಿಸುವುದು ಇಂತಹ ವಯಸ್ಸಾದ ಗಂಡನ್ನೇ ಆದುದರಿಂದ, ಮಿತಿಯಿಲ್ಲದ ಬೇಟೆ ನಡೆದ ಸೀಮೆಯಲ್ಲಿ ಮೊದಲು ಕಣ್ಮರೆಯಾಗುವುದೂ ಅದೇ.

ಐರೋಪ್ಯರು ಕಾಲಿಡುವ ಮುನ್ನ ಉತ್ತರ ಅಮೆರಿಕ ಖಂಡದಲ್ಲಿ ಒಂದು ಕೋಟಿಯಷ್ಟು ಎಲ್ಕ್‌ಗಳಿದ್ದಿರಬಹುದೆಂದು ನಿಸರ್ಗಜ್ಞನಾದ ಅರ್ನೆಸ್ಟ್ ಥಾಂಪ್ಸನ್ ಸೀಟನ್ ಅಂದಾಜು ಮಾಡಿದ್ದನು. ಇಪ್ಪತ್ತನೆಯ ಶತಮಾನದ ಆದಿಭಾಗಕ್ಕೆ ಅವು ಒಂದು ಲಕ್ಷಕ್ಕಿಂತಲೂ ಕಡಿಮೆಯಾಗಿದ್ದುವು. ಪೂರ್ವಭಾಗದ ಉಪಜಾತಿಯೂ, ಅರಿಜೋನಾ ನ್ಯೂ ಮೆಕ್ಸಿಕೋಗಳ ಮೆರಿಯಮ್ ಎಲ್ಕ್ ಎಂಬ ಇನ್ನೊಂದು ಉಪಜಾತಿಯೂ ಸಂಪೂರ್ಣವಾಗಿ ನಶಿಸಿದುವು. 1869ರಲ್ಲಿ ಖಂಡವನ್ನು ಅಡ್ಡಹಾಯುವ ರೈಲುಮಾರ್ಗವು ಪೂರ್ಣಗೊಂಡು ತೊಗಲನ್ನೂ ಮಾಂಸವನ್ನೂ ದೂರದ ಪೇಟೆಗಳಿಗೆ ಸಾಗಿಸುವುದು ಸುಲಭವಾಯಿತು. ಗಣಿಗಳ ಬಿಡಾರಗಳಿಗೆ ಮಾಂಸ ಒದಗಿಸುವ ಗುತ್ತಿಗೆದಾರರು ಕಾಡುಗಳನ್ನು ಬರಿದುಮಾಡಿದರು. ಸತತವಾಗಿ ಗುಂಡು ಹಾರಿಸುವ ಹೊಸ ಬಂದೂಕುಗಳು ಬಂದುವು. ಚಳಿಗಾಲದಲ್ಲಿ ಎಲ್ಕ್‌ಗಳು ಇಳಿದುಬಂದು ಮೇಯುತ್ತಿದ್ದ ತಗ್ಗಿನ ಹುಲ್ಲುಗಾವಲುಗಳನ್ನು ದನಕುರಿಗಳ ಮಂದೆಗಳು ಆಕ್ರಮಿಸಿದುವು.

ಈ ಸಂಹಾರದ ಸ್ವರೂಪವನ್ನು ಅರಿಯಲು ಎಲ್ಕ್‌ನ ಹಲ್ಲೊಂದನ್ನು ನೋಡಿದರೆ ಸಾಕು. ಅದರ ಮೇಲ್ದವಡೆಯಲ್ಲಿ ದಂತದಂತೆ ನುಣುಪಾದ, ಹೆಬ್ಬೆರಳ ತುದಿಯಷ್ಟು ದೊಡ್ಡದಾದ ಎರಡು ಕೋರೆಹಲ್ಲುಗಳುಂಟು. ಒಂದು ಮೃಗಕ್ಕೆ ಎರಡೇ. ಅಲ್ಲಿಯ ಮೂಲನಿವಾಸಿಗಳಾದ ಕ್ರೋ ಜನಾಂಗದ ಸ್ತ್ರೀಯರು ತಮ್ಮ ಹಬ್ಬದ ಉಡುಪಿನ ಮೇಲೆ ಇಂತಹ ಹಲ್ಲುಗಳನ್ನು ಸಾಲುಸಾಲಾಗಿ ಹೊಲಿದುಕೊಳ್ಳುತ್ತಿದ್ದರು. ನೂರಾರು ಹಲ್ಲುಗಳನ್ನು ಹೊತ್ತ ಒಂದು ಉಡುಪು ಮನೆಯ ಗಂಡಸರ ಅನೇಕ ವರ್ಷಗಳ ಬೇಟೆಗೆ, ಆ ಬೇಟೆಯ ಮಾಂಸವನ್ನುಂಡು ಬದುಕಿದ ಕುಟುಂಬದ ಪ್ರತಿಷ್ಠೆಗೆ ಸಾಕ್ಷಿಯಾಗಿತ್ತು. 1868ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಎಲ್ಕ್‌ನ ಹೆಸರನ್ನಿಟ್ಟುಕೊಂಡು ಭ್ರಾತೃಮಂಡಲಿಯೊಂದು ಸ್ಥಾಪಿತವಾಗಿ, ಕಾಲಕ್ರಮದಲ್ಲಿ ಅದರ ಸದಸ್ಯರು ಗಡಿಯಾರದ ಸರಪಣಿಗೆ ಅದೇ ಹಲ್ಲನ್ನು ಲಾಂಛನವಾಗಿ ತೂಗಹಾಕಿಕೊಳ್ಳುವುದು ರೂಢಿಯಾದಾಗ, ಹಲ್ಲಿಗೆ ಬೆಲೆ ಕಟ್ಟಿತು; ಬೆಲೆ ಕಟ್ಟಿದೊಡನೆ ಹಲ್ಲಿಗಾಗಿಯೇ ಕೊಲ್ಲುವವರೂ ಹುಟ್ಟಿಕೊಂಡರು. ಹಿಮದಲ್ಲಿ ಸಿಕ್ಕಿ ಸೋತ ಮೃಗವನ್ನು ಕೊಂದು, ಎರಡು ಹಲ್ಲುಗಳನ್ನು ಕಿತ್ತು, 300 ಕಿಲೋಗ್ರಾಂ ದೇಹವನ್ನು ಕೊಳೆಯಲು ಬಿಟ್ಟುಹೋಗುವ ಈ ವೃತ್ತಿಯನ್ನು ಕಂಡು ವಯೋಮಿಂಗಿನ ಜಾಕ್ಸನ್ ಕಣಿವೆಯ ನೆಲಸಿಗರೇ ರೋಸಿಹೋದರು. ಮುಂದೆ ಆ ಮಂಡಲಿಯೂ ಹಲ್ಲಿನ ಲಾಂಛನವನ್ನು ಕೈಬಿಟ್ಟು ಎಲ್ಕ್‌ನ ರಕ್ಷಣೆಗೆ ನಿಂತಿತು.

ಕಣ್ಣೆದುರಿಗೆ ನಡೆದ ಈ ನಾಶದಿಂದಲೇ ರಕ್ಷಣೆಯ ವಿವೇಕವು ಮೂಡಿತು. 1872ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1883ರಿಂದ ಬೇಟೆಯು ನಿಷಿದ್ಧವಾಯಿತು. ಆದರೆ ನಿಷೇಧವನ್ನು ಮೀರಿದವನಿಗೆ ತಕ್ಕ ಶಿಕ್ಷೆಯನ್ನು ವಿಧಿಸುವ ಕಾನೂನು ಬಂದುದು 1894ರಲ್ಲಿ, ಅಯೋವಾದ ಜಾನ್ ಲೇಸಿಯೆಂಬ ಶಾಸಕನ ಪ್ರಯತ್ನದಿಂದ. ಅದೇ ಲೇಸಿಯ ಹೆಸರಿನಿಂದ ಪ್ರಸಿದ್ಧವಾದ 1900ರ ಕಾನೂನು, ಒಂದು ಸಂಸ್ಥಾನದಲ್ಲಿ ಅಕ್ರಮವಾಗಿ ಕೊಂದ ಮೃಗವನ್ನು ಇನ್ನೊಂದು ಸಂಸ್ಥಾನಕ್ಕೆ ಸಾಗಿಸುವುದನ್ನು ಅಪರಾಧವೆಂದು ಸಾರಿ, ಪೇಟೆಗಾಗಿ ನಡೆಯುವ ಬೇಟೆಯ ಬೇರಿಗೇ ಕೊಡಲಿಯಿಟ್ಟಿತು. ಥಿಯೋಡರ್ ರೂಸ್‌ವೆಲ್ಟ್, ಜಾರ್ಜ್ ಬರ್ಡ್ ಗ್ರಿನ್ನೆಲ್ ಮೊದಲಾದವರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಈ ಸುಧಾರಣೆಗಳಿಗೆ ಬೆನ್ನೆಲುಬಾಗಿ ನಿಂತಿತು. ಕಠಿನವಾದ ಚಳಿಗಾಲಗಳಲ್ಲಿ ಜಾಕ್ಸನ್ ಕಣಿವೆಯ ಎಲ್ಕ್‌ಗಳು ಹಸಿದು ಸಾಯುವುದನ್ನು ನೋಡಲಾರದೆ ಅಲ್ಲಿಯ ರೈತರು ತಮ್ಮ ಒಣಹುಲ್ಲನ್ನೇ ಹಾಕಿದರು. 1912ರಲ್ಲಿ ಸರ್ಕಾರವು ಅಲ್ಲಿಯೇ ರಾಷ್ಟ್ರೀಯ ಎಲ್ಕ್ ಆಶ್ರಯಧಾಮವನ್ನು ಸ್ಥಾಪಿಸಿತು.

ಈ ಎಲ್ಲಾ ಕಾನೂನುಗಳ ಹಿಂದೆ ನಿಂತಿರುವುದು ಒಡೆತನದ ಪ್ರಶ್ನೆ. ಹಿಂದೆ ಇಂಗ್ಲೆಂಡಿನಲ್ಲಿ ಜಿಂಕೆಯು ದೊರೆಯ ಅಥವಾ ಜಮೀನ್ದಾರನ ಸ್ವತ್ತಾಗಿತ್ತು. ಬಡವನು ಅದನ್ನು ಮುಟ್ಟಿದರೆ ಘೋರ ಶಿಕ್ಷೆಯಾಗುತ್ತಿತ್ತು. ಆ ನೆಲವನ್ನು ಬಿಟ್ಟುಬಂದವರ ಸಂತತಿಯು ಹೊಸ ನಾಡಿನಲ್ಲಿ ಕಾಡುಮೃಗವು ಯಾರೊಬ್ಬರ ಸ್ವತ್ತೂ ಅಲ್ಲವೆಂಬ ತತ್ತ್ವವನ್ನು ಹಿಡಿಯಿತು. 1842ರಲ್ಲಿ ನ್ಯೂ ಜರ್ಸಿಯ ಸಿಂಪಿಗಳ ವ್ಯಾಜ್ಯವೊಂದರಲ್ಲಿ, ಇಂತಹ ಸಂಪತ್ತು ಪ್ರಜೆಗಳೆಲ್ಲರ ಪರವಾಗಿ ಸರ್ಕಾರದ ವಶದಲ್ಲಿರುವ ನ್ಯಾಸವೆಂಬ ಭಾವನೆಗೆ ಸರ್ವೋಚ್ಚ ನ್ಯಾಯಾಲಯವು ಅಡಿಪಾಯ ಹಾಕಿತು. 1896ರ ಮಾರ್ಚಿನಲ್ಲಿ ಗೀರ್ ಎಂಬಾತನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಡ್ವರ್ಡ್ ವೈಟ್ ಅದೇ ಭಾವನೆಯನ್ನು ವನ್ಯಮೃಗಗಳಿಗೂ ಅನ್ವಯಿಸಿ, ಅವುಗಳ ಹಂಚಿಕೆಯ ಅಧಿಕಾರವು ಆಯಾ ಸಂಸ್ಥಾನದ್ದೆಂದು ತೀರ್ಪಿತ್ತನು. ಸಂಸ್ಥಾನಗಳ ಒಡೆತನವೆಂಬ ಆ ವಾದವು 1979ರಲ್ಲಿ ರದ್ದಾದರೂ, ಪ್ರಜೆಗಳ ಪರವಾದ ನ್ಯಾಸವೆಂಬ ಭಾವನೆಯು ಉಳಿದುಬಂದಿತು. ಇಂದಿನ ಪರವಾನಗಿಯ ಲಾಟರಿಯು ನಿಂತಿರುವುದು ಇದರ ಮೇಲೆಯೇ.

ಆದರೆ ಅದೇ 1896ರ ಮೇ ತಿಂಗಳಲ್ಲಿ ಅದೇ ನ್ಯಾಯಮೂರ್ತಿಯು ಇನ್ನೊಂದು ತೀರ್ಪನ್ನೂ ಬರೆದನು. ಹಿಂದಿನ ವರ್ಷ ರೇಸ್ ಹಾರ್ಸ್ ಎಂಬ, ಮೂಲನಿವಾಸಿ ಬ್ಯಾನಕ್ ಜನಾಂಗದವನು ವಯೋಮಿಂಗಿನಲ್ಲಿ ಏಳು ಎಲ್ಕ್‌ಗಳನ್ನು ಕೊಂದನೆಂದು ಸೆರೆಯಾಗಿದ್ದನು. 1868ರ ಒಡಂಬಡಿಕೆಯಲ್ಲಿ, ಜನವಸತಿಯಿಲ್ಲದ ಸರ್ಕಾರಿ ನೆಲದಲ್ಲಿ ಬೇಟೆಯಾಡುವ ಹಕ್ಕನ್ನು ಅವನ ಜನರಿಗೆ ಅಮೆರಿಕ ಸರ್ಕಾರವೇ ಬರೆದುಕೊಟ್ಟಿತ್ತು. 1890ರಲ್ಲಿ ವಯೋಮಿಂಗ್ ಸಂಸ್ಥಾನವಾದೊಡನೆ ಆ ಹಕ್ಕು ಅಳಿಯಿತೆಂದು ನ್ಯಾಯಾಲಯವು ಹೇಳಿತು. ಕಾಡಿನ ಮೃಗವು ಸರ್ವರ ಸ್ವತ್ತೆಂದು ಘೋಷಿಸಿದ ವರ್ಷದಲ್ಲಿಯೇ, ಆ ‘ಸರ್ವ’ರ ಲೆಕ್ಕದಿಂದ ಆ ಮೃಗದೊಡನೆ ಎಲ್ಲರಿಗಿಂತ ಮೊದಲು ಬಾಳಿದ್ದ ಜನರನ್ನು ಹೊರಗಿಟ್ಟುದು ಈ ಇತಿಹಾಸದ ಅತ್ಯಂತ ನೋವಿನ ಸಂಗತಿ. ಅದಕ್ಕೆ ಪರಿಹಾರ ದೊರೆಯಲು ನೂರಿಪ್ಪತ್ತಮೂರು ವರ್ಷಗಳು ಬೇಕಾದುವು. 2014ರಲ್ಲಿ ಬಿಗ್‌ಹಾರ್ನ್ ಅರಣ್ಯದಲ್ಲಿ ಎಲ್ಕ್ ಬೇಟೆಯಾಡಿದ ಕ್ರೋ ಜನಾಂಗದ ಕ್ಲೇವಿನ್ ಹೆರೇರಾ ಎಂಬಾತನ ಮೊಕದ್ದಮೆಯಲ್ಲಿ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ಕರ ವಿರುದ್ಧ ಐದು ಮತಗಳಿಂದ, ಸಂಸ್ಥಾನದ ಸ್ಥಾಪನೆಯಿಂದ ಒಡಂಬಡಿಕೆಯ ಹಕ್ಕು ಅಳಿಯುವುದಿಲ್ಲವೆಂದು ಸಾರಿ ಹಳೆಯ ತೀರ್ಪನ್ನು ತಳ್ಳಿಹಾಕಿತು. ಕೊಟ್ಟ ಮಾತಿನಿಂದ ಬಂದ ಹಕ್ಕನ್ನು ಚೀಟಿಯ ಡಬ್ಬಿಗೆ ಹಾಕಲಾಗದು ಎಂಬ ಪಾಠವು ಇದರಲ್ಲಿದೆ.

ಮೃಗವು ಉಳಿದ ಮೇಲೆ ಅದನ್ನು ಬೆಳೆಸುವ ಕಾರ್ಯವು ಮೊದಲಾಯಿತು. ಯೆಲ್ಲೋಸ್ಟೋನಿನಿಂದ ಸಾವಿರಾರು ಎಲ್ಕ್‌ಗಳನ್ನು ಹಿಡಿದು ರೈಲುಗಳಲ್ಲಿ ಬರಿದಾದ ಸಂಸ್ಥಾನಗಳಿಗೆ ಕಳುಹಿಸಲಾಯಿತು. ಸ್ವಂತ ಎಲ್ಕ್‌ಗಳನ್ನು ಪೂರ್ತಿಯಾಗಿ ಕಳೆದುಕೊಂಡಿದ್ದ ಅರಿಜೋನಾಕ್ಕೆ 1913ರ ಫೆಬ್ರುವರಿಯಲ್ಲಿ ಹಾಗೆ ಬಂದ 83 ಮೃಗಗಳನ್ನು ಶೆವೆಲಾನ್ ಹಳ್ಳದ ಬಳಿಯ ಕಾಡಿನಲ್ಲಿ ಬಿಟ್ಟರು. ಅವುಗಳನ್ನು ತರಿಸುವುದಕ್ಕೆ ಮುಂದೆ ನಿಂತವರು ವಿನ್ಸ್‌ಲೋ ಊರಿನ ಎಲ್ಕ್ಸ್ ಭ್ರಾತೃಮಂಡಲಿಯ ಶಾಖೆಯವರೇ. ಎರಡು ದಶಕಗಳು ಕಾದ ತರುವಾಯ, 1935ರಲ್ಲಿ ಅಲ್ಲಿ ಕಾನೂನುಬದ್ಧವಾದ ಮೊದಲ ಎಲ್ಕ್ ಬೇಟೆ ನಡೆಯಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾನೂನು ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಮೃಗಗಳ ಪಾಲನೆಗೆ ಮೀಸಲಿಟ್ಟು, ಬೇಟೆಯ ಲೈಸೆನ್ಸಿನಿಂದ ಬಂದ ಹಣವನ್ನು ಬೇರೆ ಕಾರ್ಯಕ್ಕೆ ತಿರುಗಿಸುವ ಸಂಸ್ಥಾನಕ್ಕೆ ಈ ನೆರವು ಸಲ್ಲದೆಂದು ಕಟ್ಟುಮಾಡಿತು. ಅಂದಿನಿಂದ ಬೇಟೆಗಾರನ ಶುಲ್ಕವೂ ಈ ತೆರಿಗೆಯೂ ಮೃಗಪಾಲನೆಯ ಪ್ರಧಾನ ಆದಾಯಗಳಾದುವು. ಇಂದು ಆ ಖಂಡದಲ್ಲಿ ಸುಮಾರು ಹತ್ತು ಲಕ್ಷ ಎಲ್ಕ್‌ಗಳಿರುವುದಾಗಿ ಎಣಿಕೆ; ಅವುಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಕೊಲೊರಾಡೊ ಒಂದರಲ್ಲೇ ಇವೆ.

ಹೆಚ್ಚಿದ ಮೃಗವೂ ಸಮಸ್ಯೆಯನ್ನೇ ತರುವುದು. ಯೆಲ್ಲೋಸ್ಟೋನಿನ ಉತ್ತರದ ಹುಲ್ಲುಗಾವಲಿನಲ್ಲಿ ಎಲ್ಕ್‌ಗಳು ಮೇವಿಗೆ ಮೀರಿ ಬೆಳೆದಾಗ, 1961–62ರ ಚಳಿಗಾಲದಲ್ಲಿ ಉದ್ಯಾನದ ಸಿಬ್ಬಂದಿಯೇ ನಾಲ್ಕು ಸಾವಿರಕ್ಕೂ ಮಿಕ್ಕಿ ಮೃಗಗಳನ್ನು ಗುಂಡಿಟ್ಟು ಕೊಂದುದರಿಂದ ದೇಶದಲ್ಲೆಲ್ಲಾ ಕೋಲಾಹಲವೆದ್ದಿತು. ಅದಕ್ಕೂ ಮೊದಲೇ, ಗ್ರ್ಯಾಂಡ್ ಟೀಟನ್ ಎಂಬ ಇನ್ನೊಂದು ಉದ್ಯಾನವನ್ನು ವಿಸ್ತರಿಸಿದ 1950ರ ಕಾನೂನು, ಸಂಖ್ಯೆಯನ್ನು ತಗ್ಗಿಸಬೇಕಾದ ವರ್ಷಗಳಲ್ಲಿ ಪರವಾನಗಿ ಪಡೆದ ಬೇಟೆಗಾರರನ್ನೇ ತಾತ್ಕಾಲಿಕ ರೇಂಜರುಗಳಾಗಿ ನಿಯಮಿಸಿ ಆ ಕಾರ್ಯವನ್ನು ನಡೆಸಲು ಅವಕಾಶವಿತ್ತಿತು. ಕೊಲ್ಲುವುದೂ ಉಳಿಸುವುದೂ ಒಂದೇ ಲೆಕ್ಕದ ಎರಡು ಬದಿಗಳೆಂಬುದನ್ನು 1933ರಲ್ಲಿಯೇ ಆಲ್ಡೊ ಲಿಯೊಪಾಲ್ಡ್ ಮೃಗಪಾಲನೆಯ ತನ್ನ ಗ್ರಂಥದಲ್ಲಿ ಶಾಸ್ತ್ರವಾಗಿ ನಿರೂಪಿಸಿದ್ದನು. ಆ ಶಾಸ್ತ್ರವನ್ನು ಅನುಸರಿಸಿ ಸಂಸ್ಥಾನಗಳು ತಮ್ಮ ಬೆಟ್ಟಕಾಡುಗಳನ್ನು ಸೀಮೆಗಳಾಗಿ ವಿಂಗಡಿಸಿದುವು. ಚಳಿಗಾಲದಲ್ಲಿ ವಿಮಾನದಿಂದ ಹಿಂಡುಗಳನ್ನೆಣಿಸಿ, ನೂರು ಹೆಣ್ಣಿಗೆ ಎಷ್ಟು ಗಂಡು, ಎಷ್ಟು ಮರಿ ಎಂಬುದನ್ನು ಗೊತ್ತುಮಾಡಿ, ಇಂತಿಷ್ಟು ಗಂಡುಗಳಿಗೂ ಇಂತಿಷ್ಟು ಹೆಣ್ಣುಗಳಿಗೂ ಮಾತ್ರ ಪರವಾನಗಿಯೆಂದು ಸೀಮೆಸೀಮೆಗೂ ಮಿತಿಯನ್ನು ನಿರ್ಣಯಿಸುವ ಕ್ರಮವು ನೆಲೆಗೊಂಡಿತು.

ಮಿತಿ ನಿಂತ ಮೇಲೆ ಹಂಚಿಕೆಯ ಪ್ರಶ್ನೆ ಬಂದೇಬರಬೇಕು. ಕೊಲೊರಾಡೊದ ಅನೇಕ ಸೀಮೆಗಳಲ್ಲಿ ತೀರ ಇತ್ತೀಚಿನವರೆಗೂ ಕೇಳಿದವರಿಗೆಲ್ಲಾ ಅಂಗಡಿಯಲ್ಲಿಯೇ ಪರವಾನಗಿಯು ದೊರೆಯುತ್ತಿತ್ತು. ಅಂತಹ ಕಡೆ ಲಾಟರಿಯ ಮಾತಿರಲಿಲ್ಲ. ಆದರೆ ಮುಪ್ಪಿನ ಗಂಡುಗಳನ್ನು ಕಾಪಾಡಿಕೊಂಡು ಬಂದ ಸೀಮೆಗಳಲ್ಲಿ ಹತ್ತು ಪರವಾನಗಿಗೆ ನೂರಾರು ಅರ್ಜಿಗಳು ಬರುವುವು. ಆಗ ಮೊದಲು ತೋಚಿದುದು ಶುದ್ಧವಾದ ಚೀಟಿ. ಎಲ್ಲರ ಹೆಸರನ್ನೂ ಬೆರೆಸಿ ಎತ್ತುವುದು. ಹೆಸರು ಬಂದವನ ಕೈಗೆ ಸೇರುವುದು ಟ್ಯಾಗ್ ಎಂಬ ಒಂದು ಚೂರು ಕಾಗದ. ಅದರ ಮೇಲೆ ಸೀಮೆಯ ಸಂಖ್ಯೆ, ಗಂಡೋ ಹೆಣ್ಣೋ ಎಂಬ ವಿವರ, ಬೇಟೆಯ ಅವಧಿ ಅಚ್ಚಾಗಿರುವುವು; ಮೊಂಟಾನಾದ ಟ್ಯಾಗಿನ ಅಂಚಿನಲ್ಲಿ ತಿಂಗಳೂ ತಾರೀಖುಗಳೂ ಇದ್ದು, ಮೃಗವು ಬಿದ್ದ ಸ್ಥಳದಲ್ಲಿಯೇ ಬೇಟೆಗಾರನು ಚಾಕುವಿನಿಂದ ಆ ದಿನವನ್ನು ಕತ್ತರಿಸಿ ತೆಗೆದು, ಕಾಗದವನ್ನು ಕೊಂಬಿಗೋ ಕಾಲಿಗೋ ಕಟ್ಟುತ್ತಿದ್ದನು. ಒಂದು ಕಾಗದಕ್ಕೆ ಒಂದು ಮೃಗ. ಕತ್ತರಿಸಿದ ಕಾಗದವನ್ನು ಮತ್ತೆ ಬಳಸುವಂತಿಲ್ಲ, ಇನ್ನೊಬ್ಬರಿಗೆ ಮಾರುವಂತಿಲ್ಲ. ಕಾಡಿನಲ್ಲಿ ನೋಡುವವರಾರೂ ಇಲ್ಲದಾಗಲೂ ಇದನ್ನು ಪಾಲಿಸುವ ಜನರಿಂದಲೇ ಇಡೀ ವ್ಯವಸ್ಥೆಯು ನಡೆದುಬಂದಿದೆ.

ಶುದ್ಧವಾದ ಚೀಟಿಯಲ್ಲಿ ಪಕ್ಷಪಾತವಿಲ್ಲ. ಆದರೆ ಅದಕ್ಕೆ ನೆನಪೂ ಇಲ್ಲ. ಒಬ್ಬನಿಗೆ ಎರಡು ವರ್ಷ ಸಾಲಾಗಿ ಪರವಾನಗಿಯು ಬರಬಹುದು. ಅವನ ನೆರೆಯವನಿಗೆ ಇಪ್ಪತ್ತು ವರ್ಷ ಬೇಡಿದರೂ ಬಾರದಿರಬಹುದು. ಈ ಅಸಮಾಧಾನವನ್ನು ತೀರಿಸಲು ಹುಟ್ಟಿದುದೇ ಪಾಯಿಂಟುಗಳ ಪದ್ಧತಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ವಿಶೇಷವಾಗಿ ಅದರ ಕೊನೆಯ ದಶಕದಲ್ಲಿ, ಅದು ಸಂಸ್ಥಾನದಿಂದ ಸಂಸ್ಥಾನಕ್ಕೆ ಹಬ್ಬಿತು. ಬೇಡಿ ಪಡೆಯದ ವರ್ಷಕ್ಕೊಂದು ಪಾಯಿಂಟು. ಪರವಾನಗಿ ದೊರೆತ ವರ್ಷ ಕೂಡಿಟ್ಟುದೆಲ್ಲವೂ ಸೊನ್ನೆ. ಈ ಪದ್ಧತಿಯನ್ನು ಒಪ್ಪಿದ ಕಡೆಗಳಲ್ಲಿ ಇಷ್ಟು ಬಹುಮಟ್ಟಿಗೆ ಸಮಾನ; ಮುಂದಕ್ಕೆ ದಾರಿಗಳು ಕವಲೊಡೆದುವು. ಕೊಲೊರಾಡೊ ಹಿಡಿದುದು ಆದ್ಯತೆಯ ದಾರಿ: ಹೆಚ್ಚು ಪಾಯಿಂಟುಳ್ಳವನಿಗೇ ಮೊದಲ ಪಾಲು. ವಯೋಮಿಂಗ್ 2006ರಿಂದ ಹೊರಗಿನವರ ಎಲ್ಕ್ ಪರವಾನಗಿಗಳಿಗೆ ಈ ದಾರಿಯನ್ನೇ ಅನುಸರಿಸಿ, ನೂರಕ್ಕೆ ಎಪ್ಪತ್ತೈದನ್ನು ಆದ್ಯತೆಗೂ ಉಳಿದ ಇಪ್ಪತ್ತೈದನ್ನು ಅದೃಷ್ಟಕ್ಕೂ ಬಿಟ್ಟಿತು. ತನ್ನ ನಿವಾಸಿಗಳಿಗೆ ಮಾತ್ರ ಹಳೆಯ ಚೀಟಿಯನ್ನೇ ಉಳಿಸಿಕೊಂಡಿತು. ನೆವಾಡಾ ಹಿಡಿದುದು ಬೋನಸ್ಸಿನ ದಾರಿ: ಅಲ್ಲಿ ಪಾಯಿಂಟು ಸರತಿಯನ್ನು ಕೊಡದೆ ಅದೃಷ್ಟವನ್ನು ಹೆಚ್ಚಿಸುವುದು. ಪಾಯಿಂಟುಗಳನ್ನು ವರ್ಗಮಾಡಿ ಒಂದನ್ನು ಕೂಡಿಸಿದರೆ ಬರುವಷ್ಟು ಸಂಖ್ಯೆಗಳನ್ನು ಕಂಪ್ಯೂಟರು ಆ ಅರ್ಜಿದಾರನಿಗಾಗಿ ಎತ್ತಿ, ಅವುಗಳಲ್ಲಿ ಅತಿ ಚಿಕ್ಕದನ್ನು ಅವನ ಸಂಖ್ಯೆಯಾಗಿ ಉಳಿಸುವುದು. ಹೊಸಬನಿಗೆ ಒಂದೇ ಸಂಖ್ಯೆ; ಐದು ಪಾಯಿಂಟಿನವನಿಗೆ ಇಪ್ಪತ್ತಾರು; ಹತ್ತು ಪಾಯಿಂಟಿನವನಿಗೆ ನೂರೊಂದು. ಆದರೂ ಹೊಸಬನ ಒಂದೇ ಸಂಖ್ಯೆಯು ಎಲ್ಲಕ್ಕಿಂತ ಚಿಕ್ಕದಾಗಿ ಅವನೇ ಗೆಲ್ಲುವ ಸಂಭವವು ಎಂದೂ ಅಳಿಯದು. ಯೂಟಾ ಅರ್ಧವನ್ನು ಅತ್ಯಧಿಕ ಪಾಯಿಂಟಿನವರಿಗೆ ಮೀಸಲಿಟ್ಟು ಉಳಿದರ್ಧವನ್ನು ಎಲ್ಲರಿಗೂ ತೆರೆಯಿತು. ಅರಿಜೋನಾ ಮೀಸಲಿಟ್ಟುದು ನೂರಕ್ಕೆ ಇಪ್ಪತ್ತನ್ನು. ಐಡಹೋ ಮತ್ತು ನ್ಯೂ ಮೆಕ್ಸಿಕೋ ಸಂಸ್ಥಾನಗಳು ಎಲ್ಕ್‌ಗೆ ಪಾಯಿಂಟನ್ನೇ ಒಪ್ಪದೆ ಶುದ್ಧವಾದ ಚೀಟಿಯಲ್ಲಿಯೇ ನಿಂತುವು.

ಸಹನೆಗೆ ಸಂಭಾವನೆ ಕೊಡುವ ಈ ಯೋಜನೆಯೊಳಗೆ ಅದರ ವ್ಯಾಧಿಯೂ ಅಡಗಿತ್ತು. ಒಂದು ಸೀಮೆಯಲ್ಲಿ ವರ್ಷಕ್ಕೆ ಇಪ್ಪತ್ತು ಪರವಾನಗಿಗಳೆಂದೂ, ಮೊದಲ ವರ್ಷವೇ ನಾನೂರು ಮಂದಿ ಸಾಲು ನಿಂತರೆಂದೂ ಭಾವಿಸೋಣ. ಆದ್ಯತೆಯ ಕ್ರಮದಲ್ಲಿ ಆ ನಾನೂರನೆಯವನಿಗೆ ಪಾಳಿ ಬರುವುದು ಇಪ್ಪತ್ತನೆಯ ವರ್ಷದಲ್ಲಿ. ಎರಡನೆಯ ವರ್ಷ ಬಂದವನು ಇವರೆಲ್ಲರ ಹಿಂದೆ. ಹತ್ತನೆಯ ವರ್ಷ ಬಂದವನು ಅವರ ಹಿಂದೆ ಬಂದು ಸೇರಿದವರೆಲ್ಲರ ಹಿಂದೆ. ಮೃಗಗಳು ಹೆಚ್ಚಲಾರವು, ಬೇಡುವವರು ಹೆಚ್ಚುತ್ತಲೇ ಇರುವರು. ಆದುದರಿಂದ ಪರವಾನಗಿಗೆ ಬೇಕಾದ ಪಾಯಿಂಟು, ಬೇಡುವವನು ಹತ್ತಿರ ಹತ್ತಿರ ಬಂದಂತೆಲ್ಲಾ ಮೇಲೆ ಮೇಲೆ ಸರಿಯುತ್ತದೆ. ಪಾಯಿಂಟ್ ಕ್ರೀಪ್ ಎಂದು ಅಲ್ಲಿಯ ಬೇಟೆಗಾರರು ಹೇಳುವುದು ಇದನ್ನೇ. ಕೊಲೊರಾಡೊದ ವಾಯವ್ಯ ಮೂಲೆಯ ಕೆಲವು ಪ್ರಖ್ಯಾತ ಸೀಮೆಗಳಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ಪಾಯಿಂಟುಗಳಿಲ್ಲದವನಿಗೆ ಆದ್ಯತೆಯ ಬಲದಿಂದ ಗಂಡಿನ ಪರವಾನಗಿಯು ದುರ್ಲಭವಾಯಿತು. ಹನ್ನೆರಡರ ಹರೆಯದಲ್ಲಿ ಮೊದಲ ಅರ್ಜಿಯನ್ನು ಹಾಕಿದ ಹುಡುಗಿಯು ಮಧ್ಯವಯಸ್ಸನ್ನು ಮುಟ್ಟಿದರೂ ಆ ಸಾಲಿನ ತುದಿಯನ್ನು ಕಾಣಲಾರಳು. ಇತ್ತ ಸಾಲಿನ ಮುಂದಿರುವವನು ಮುದುಕನಾಗಿರುತ್ತಾನೆ. ಬೆಟ್ಟವನ್ನೇರಿ, ಕೊಂದ ಮೃಗದ ಮಾಂಸವನ್ನು ಬೆನ್ನ ಮೇಲೆ ಹೊತ್ತು ಇಳಿಸುವ ಶಕ್ತಿಯು ಅವನ ಮೊಣಕಾಲುಗಳಲ್ಲಿ ಉಳಿದಿರುವುದೇ ಸಂದೇಹ.

ಅರಿಜೋನಾದ ಕಾನೂನು ಇದಕ್ಕೊಂದು ಹೃದ್ಯವಾದ ಉಪಶಮನವನ್ನು ಕಂಡುಕೊಂಡಿದೆ: ತಂದೆತಾಯಿಗಳಾಗಲಿ ಅಜ್ಜಅಜ್ಜಿಯರಾಗಲಿ ತಮಗೆ ಬಂದ ಟ್ಯಾಗನ್ನು ಅಪ್ರಾಪ್ತವಯಸ್ಕರಾದ ಮಕ್ಕಳಿಗೋ ಮೊಮ್ಮಕ್ಕಳಿಗೋ ವರ್ಗಾಯಿಸಬಹುದು. ತಾನು ಕಾದುಕೊಂಡಿದ್ದುದನ್ನು ಮೊಮ್ಮಗನಿಗೆ ಕೊಟ್ಟು, ಅವನ ಜೊತೆಯಲ್ಲಿ ಮುಂಜಾವದ ಚಳಿಯಲ್ಲಿ ನಡೆಯುವ ಅಜ್ಜನಿಗೆ ವ್ಯರ್ಥವಾಗಿ ಕಾದೆನೆಂಬ ಭಾವನೆಯು ಬರಲಾರದು. ಹೀಗೆ ಕೊಡಬಹುದಾದುದು ಟ್ಯಾಗು ಮಾತ್ರ. ಪಾಯಿಂಟುಗಳನ್ನು ಮಾರುವಂತಿಲ್ಲ, ಉಯಿಲಿನಲ್ಲಿ ಬರೆದಿಡುವಂತಿಲ್ಲ. ಕೂಡಿಟ್ಟವನೊಡನೆ ಅವೂ ಮುಗಿಯುವುವು. ಕಾದದ್ದು ಎಷ್ಟೇ ದೀರ್ಘವಾದರೂ ಅದು ಆಸ್ತಿಯಾಗಕೂಡದೆಂಬ ಈ ನಿಯಮವು ಮೃಗವು ಸಾರ್ವಜನಿಕವೆಂಬ ಮೂಲತತ್ತ್ವದಿಂದ ನೇರವಾಗಿ ಬಂದುದು.

ಸಾಲಿನೊಳಗಿನ ಜಗಳಕ್ಕಿಂತ ಸಾಲಿಗೆ ಯಾರು ಸೇರಬಹುದೆಂಬ ಜಗಳವು ತೀವ್ರವಾಗಿತ್ತು. ನೆಲದ ಮೇಲೆ ನೆಲಸಿ, ತೆರಿಗೆ ತೆತ್ತು, ಚಳಿಗಾಲದಲ್ಲಿ ಎಲ್ಕ್‌ಗಳು ತನ್ನ ಒಣಹುಲ್ಲಿನ ಬಣವೆಯನ್ನು ತಿಂದುದನ್ನು ಸಹಿಸಿಕೊಂಡ ನಿವಾಸಿಗೆ ಹೆಚ್ಚಿನ ಹಕ್ಕಿರಬೇಡವೆ? ಆದರೆ ಆ ಮೃಗಗಳು ಮೇಯುವ ಅರಣ್ಯವು ಬಹುಮಟ್ಟಿಗೆ ಇಡೀ ರಾಷ್ಟ್ರಕ್ಕೆ ಸೇರಿದುದಲ್ಲವೆ? ಮೊಂಟಾನಾದಲ್ಲಿ ನಿವಾಸಿಯು 9 ಡಾಲರಿಗೆ ಎಲ್ಕ್ ಲೈಸೆನ್ಸನ್ನು ಪಡೆಯಬಹುದಾಗಿದ್ದ ಕಾಲದಲ್ಲಿ ಹೊರಗಿನವನು 225 ಡಾಲರಿನ ಕೂಡುಲೈಸೆನ್ಸನ್ನೇ ಕೊಳ್ಳಬೇಕಾಗಿತ್ತು. ಇದನ್ನು ಪ್ರಶ್ನಿಸಿದ ಬಾಲ್ಡ್‌ವಿನ್ ಮೊಕದ್ದಮೆಯಲ್ಲಿ 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಲ್ಕ್ ಬೇಟೆಯು ವಿನೋದವೇ ಹೊರತು ಜೀವನೋಪಾಯವಲ್ಲವಾದುದರಿಂದ ಸಂಸ್ಥಾನವು ಈ ಭೇದವನ್ನು ಮಾಡಬಹುದೆಂದಿತು. ಅರಿಜೋನಾ ಗಂಡು ಎಲ್ಕ್ ಪರವಾನಗಿಗಳಲ್ಲಿ ಹೊರಗಿನವರಿಗೆ ನೂರಕ್ಕೆ ಹತ್ತರ ಮಿತಿಯನ್ನಿಟ್ಟುದನ್ನು ನ್ಯೂ ಮೆಕ್ಸಿಕೋದ ಬೇಟೆಯ ಮಾರ್ಗದರ್ಶಕರು ಪ್ರತಿಭಟಿಸಿದಾಗ, 2002ರಲ್ಲಿ ಒಂಬತ್ತನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು ಇದು ಅಂತಸ್ಸಂಸ್ಥಾನ ವಾಣಿಜ್ಯವನ್ನು ತಟ್ಟುವ ವಿಷಯವೆಂದು ಭಿನ್ನವಾದ ನಿಲುವನ್ನು ತಳೆಯಿತು. ಮಿತಿಯು ಮುರಿದುಬೀಳುವ ಸ್ಥಿತಿಗೆ ಬಂದಾಗ, ನೆವಾಡಾದ ಸೆನೆಟರ್ ಹ್ಯಾರಿ ರೀಡ್ ಮುಂದಾಗಿ, ನಿವಾಸಿ–ಅನಿವಾಸಿ ಭೇದವನ್ನು ಮಾಡುವ ಅಧಿಕಾರವು ಸಂಸ್ಥಾನಗಳಿಗೇ ಉಂಟೆಂದು ಸಾರುವ ಕಾನೂನನ್ನು 2005ರಲ್ಲಿ ತಂದನು.

ಹಿಂಬಾಗಿಲಿನಿಂದ ಹಣವೂ ಒಳಬರದೆ ಇಲ್ಲ. ಹಲವು ಸಂಸ್ಥಾನಗಳಲ್ಲಿ ಕೆಲವೇ ಕೆಲವು ಪರವಾನಗಿಗಳನ್ನು ಹರಾಜಿನಲ್ಲಿ ಮಾರಿ, ಆ ಹಣವನ್ನು ಮೃಗಗಳ ಕಾವಲಿಗೆ ಬಳಸುವರು. ವಯೋಮಿಂಗಿನಲ್ಲಿ ಹೆಚ್ಚು ಶುಲ್ಕವನ್ನು ತೆತ್ತ ಅನಿವಾಸಿಗಳಿಗೆ ಬೇರೆಯಾದ ಪಾಲೊಂದುಂಟು. ಕೆಲವೆಡೆ ದೊಡ್ಡ ಜಮೀನುಗಳ ಒಡೆಯರಿಗೆ ಕೊಟ್ಟ ಪರವಾನಗಿಗಳು ಕೈಬದಲಾಗುವುವು. ಹರಾಜಿನ ಹಣದಿಂದ ಮೃಗಗಳಿಗೆ ಒಳಿತಾಗಿದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಣದ ಬಾಗಿಲು ಕಿರಿದಾಗಿಯೇ ಇರಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಏಕೆಂದರೆ ಹಲ್ಲಿಗೆ ಬೆಲೆ ಕಟ್ಟಿದಾಗ ಏನಾಯಿತೆಂಬುದನ್ನು ಆ ನಾಡು ಕಂಡಿದೆ.

ನಮ್ಮ ದೇಶವು ಇದೇ ದುಃಖದಿಂದ ಹೊರಟು ಬೇರೊಂದು ದಾರಿಯನ್ನು ಹಿಡಿಯಿತು. ಮೈಸೂರು ಅರಸರ ಬೇಟೆಗೆ ಮೀಸಲಾಗಿದ್ದ ಬಂಡೀಪುರದಂತಹ ಕಾಡುಗಳು ಅಭಯಾರಣ್ಯಗಳಾದುವು. 1972ರ ಕಾನೂನು ಬೇಟೆಯನ್ನು ಬಹುತೇಕ ಮುಚ್ಚಿಯೇ ಬಿಟ್ಟಿತು. ಅಮೆರಿಕದವರು ಮುಚ್ಚದೆ ಹಂಚಿದರು. ಇಂತಹ ಹಂಚಿಕೆ ನಮ್ಮ ಹಳ್ಳಿಗಳಲ್ಲಿಯೂ ಉಂಟು: ಕಡಿಮೆ ಮಳೆಯ ವರ್ಷ ಕೆರೆಯ ನೀರನ್ನು ನೀರುಗಂಟಿಯು ಗದ್ದೆಗದ್ದೆಗೂ ಪಾಳಿ ಗೊತ್ತುಮಾಡಿ ಬಿಡುವಾಗ ಮೊದಲು ನೋಡುವುದು ಕೆರೆಯಲ್ಲಿರುವ ನೀರಿನ ಮಟ್ಟವನ್ನು. ರೈತರ ಬೇಡಿಕೆಯನ್ನು ಕೇಳುವುದು ಅದರ ತರುವಾಯ. ಎಲ್ಕ್ ಬೇಟೆಯ ಈ ದೀರ್ಘವಾದ ಇತಿಹಾಸದ ಸಾರವೂ ಅದೇ ಆಗಿದೆ. ಆದ್ಯತೆಯೋ ಬೋನಸ್ಸೋ, ವರ್ಗವೋ ಶೇಕಡಾವಾರೋ ಎಂಬ ಚರ್ಚೆಗಳು ಮುಂದೆಯೂ ನಡೆಯಲಿ. ಹೊಸ ತಲೆಮಾರಿಗೆ ಆಸೆಯು ಉಳಿಯಬೇಕಾದರೆ ಪ್ರತಿಯೊಂದು ಸೀಮೆಯಲ್ಲಿಯೂ ಒಂದು ಪಾಲನ್ನು ಅದೃಷ್ಟಕ್ಕೆ ತೆರೆದಿಡುವುದು ನ್ಯಾಯವೆಂದೂ, ಒಡಂಬಡಿಕೆಯ ಹಕ್ಕುಗಳನ್ನು ಈ ಲೆಕ್ಕದ ಹೊರಗಿಟ್ಟು ಗೌರವಿಸುವುದು ಧರ್ಮವೆಂದೂ ನಾನು ನಂಬುತ್ತೇನೆ. ಆದರೆ ಇವೆಲ್ಲವೂ ಎರಡನೆಯ ಪ್ರಶ್ನೆಗಳು. ಮನುಷ್ಯರಿಗೆಷ್ಟು ಬೇಕು ಎಂಬುದನ್ನು ಮೊದಲು ಕೇಳುತ್ತಿದ್ದ ಸಮಾಜವೊಂದು, ಕೋಟಿಯಷ್ಟಿದ್ದ ಮೃಗವನ್ನು ಲಕ್ಷಕ್ಕೂ ಕೆಳಗೆ ಇಳಿಸಿದ ತರುವಾಯ, ಹಿಂಡಿಗೆಷ್ಟು ಉಳಿಯಬೇಕೆಂಬುದನ್ನು ಮೊದಲು ಕೇಳಲು ಕಲಿತುಕೊಂಡಿತು. ಆ ಉತ್ತರಕ್ಕೆ ಬಡವನೂ ಧನಿಕನೂ ವರ್ಷವರ್ಷವೂ ತಲೆಬಾಗುವಂತೆ ಮಾಡಿಕೊಂಡಿತು. ಪಾಯಿಂಟುಗಳ ಗಣಿತವು ನಾಳೆ ಬದಲಾದರೂ, ಪ್ರಶ್ನೆಗಳನ್ನು ಕೇಳುವ ಈ ಕ್ರಮವು ಬದಲಾಗದಿದ್ದರೆ ಎಲ್ಕ್ ಉಳಿಯುವುದು, ಅದನ್ನು ಹಂಚಿಕೊಳ್ಳುವ ನ್ಯಾಯವೂ ಉಳಿಯುವುದು.